ರಂಜಾನಿನ ಬಚ್ಚಂಗಾಯಿ

ನೇತ್ರಾವತಿಯ ಆಚೆ ದಡದಲ್ಲಿ, ತೊಕ್ಕೊಟ್ಟಿನ ಕೆಳಗಿನ ಮರಳುಗದ್ದೆಯಲ್ಲಿ ಮಾಯಿಲಪ್ಪ ಬಚ್ಚಂಗಾಯಿ, ಅಂದರೆ ಕಲ್ಲಂಗಡಿ, ಬೆಳೆಯುತ್ತಿದ್ದ. ಅದನ್ನು ದೋಣಿಗೆ ಹೇರಿ ಈಚೆ ದಡದ ಬಂದರ್‌ಗೆ ತಂದು ಮಾರುವವಳು ಅವನ ಹೆಂಡತಿ ಮುದ್ದು. ಸಾವಿರದ ಒಂಬೈನೂರ ಐವತ್ತೈದರಲ್ಲಿ ರಂಜಾನ್ ಉಪವಾಸ ಏಪ್ರಿಲ್ ಕೊನೆಗೆ ಹಿಡಿಯಿತು. ಗದ್ದೆಯ ತುಂಬ ಕಾಯಿ ಬಲಿತಿದ್ದದ್ದೂ ಅದೇ ಹೊತ್ತಿಗೆ. ಇಡೀ ದಿನ ಗಂಟಲು ಒಣಗಿಸಿಕೊಂಡ ಬಂದರಿನ ಜನ ಸಂಜೆ ನಾಲ್ಕಕ್ಕೆಲ್ಲ ಮುದ್ದುವಿನ ಸುತ್ತ ಬಂದು ನಿಲ್ಲುತ್ತಿದ್ದರು. ಬೇರೆ ದಿನ ಕೂಗಿ ಕೂಗಿ ಮಾರಬೇಕಿದ್ದ ಹಣ್ಣಿಗೆ ಆ ತಿಂಗಳು ಬಾಯಿ ತೆರೆಯುವ ಕೆಲಸವೇ ಇರಲಿಲ್ಲ.

ಐದಕ್ಕೆ ಬುಟ್ಟಿ ಖಾಲಿ. ಆದರೆ ಮನೆಗೆ ಹೋಗುವಂತಿಲ್ಲ. ದೋಣಿ ನಡೆಸುವ ಇದಿನಬ್ಬನಿಗೂ ಉಪವಾಸ. ಮಸೀದಿಯಿಂದ ಸಂಜೆಯ ಬಾಂಗ್ ಕೇಳಿ, ನೀರು ಕುಡಿದು, ನಮಾಜು ಮುಗಿಸಿದ ಮೇಲೆಯೇ ಅವನು ಹುಟ್ಟು ಹಿಡಿಯುವುದು. ಹಾಗೆ ಒಂದು ದಿನ ಅಕ್ಕಿ ಗೋದಾಮಿನ ನೆರಳಲ್ಲಿ ಕಾಯುತ್ತ ಕೂತಿದ್ದವಳನ್ನು ಗೋದಾಮಿನ ಯಜಮಾನ ನೂರ್ ಮುಹಮ್ಮದನ ತಾಯಿ ಬೀಫಾತಿಮ್ಮ ಹಿಂದಿನ ಮನೆಯ ಜಗಲಿಗೆ ಕರೆದರು.

ಚಾಪೆಯ ಮೇಲೆ ಖರ್ಜೂರ, ಗಂಜಿ, ಮುದ್ದುವೇ ಮಾರಿದ ಬಚ್ಚಂಗಾಯಿ. ಬಾಂಗ್ ಆಯಿತು. ಬೀಫಾತಿಮ್ಮ ಒಂದು ಖರ್ಜೂರ ಬಾಯಿಗಿಟ್ಟುಕೊಂಡು, ಹಣ್ಣಿನ ಮೊದಲ ಹೋಳನ್ನು ಮುದ್ದುವಿನ ಕಡೆ ಚಾಚಿದರು. ಮುದ್ದು ಕೈ ಹಿಂದೆ ಎಳೆದುಕೊಂಡಳು.

“ನನಗೆ ಉಪವಾಸ ಇಲ್ಲ, ಉಮ್ಮ.”

“ಬೆಳಿಗ್ಗೆಯಿಂದ ಎಂತ ತಿಂದಿದ್ದಿ?”

ಮುದ್ದು ಏನೂ ಇಲ್ಲವೆಂದು ತಲೆಯಾಡಿಸಿದಳು.

“ಹಾಗಾದ್ರೆ ಉಪವಾಸವೇ. ತಿನ್ನು ಮಗಾ.”

ಮುದ್ದುವಿಗೆ ತಾಯಿಯ ಮುಖ ನೆನಪಿಲ್ಲ. ಗಂಡನ ಮನೆಯಲ್ಲಿ ಎಲ್ಲರದೂ ಆದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದು ಅವಳ ಊಟ. ತಾನು ಏನು ತಿಂದೆನೆಂದು ಯಾರಾದರೂ ಕೇಳಿದ್ದು ಅದೇ ಮೊದಲು. ಆ ವರ್ಷವೂ ಮುಂದಿನ ಮೂರು ವರ್ಷವೂ ರಂಜಾನಿನ ಸಂಜೆಗಳನ್ನು ಅವಳು ಆ ಜಗಲಿಯಲ್ಲಿಯೇ ಕಳೆದಳು.

ಆದರೆ ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ. ಬಚ್ಚಂಗಾಯಿ ತನ್ನ ಕಾಲ ಬಿಟ್ಟು ಬರುವುದಿಲ್ಲ. ಐವತ್ತೊಂಬತ್ತರಲ್ಲಿ ಅರ್ಧ ಬುಟ್ಟಿ ಸಿಕ್ಕಿತು. ಅರವತ್ತರಲ್ಲಿ ಹಬ್ಬ ಮುಗಿದ ಮೇಲೆಯೇ ಹಣ್ಣಾದದ್ದು. ಬಂದರ್‌ನಲ್ಲಿ ಕೇಳುವವರಿಲ್ಲ, ಬೆಲೆ ಬಿದ್ದುಹೋಯಿತು. ಮಾಯಿಲಪ್ಪ ಇಡೀ ಗದ್ದೆಯನ್ನು ತೊಕ್ಕೊಟ್ಟಿನ ಗುತ್ತಿಗೆದಾರನೊಬ್ಬನಿಗೆ ವಹಿಸಿಬಿಟ್ಟ. ಅವನ ಗಾಡಿ ಗದ್ದೆಯ ಬದಿಗೇ ಬರುತ್ತಿತ್ತು. ಅದು ಸರಿಯಾದ ಲೆಕ್ಕವೇ, ಮುದ್ದು ಎದುರಾಡಲಿಲ್ಲ. ಆದರೆ ಅವಳಿಗೆ ಹೊಳೆ ದಾಟಲು ಕಾರಣವೇ ಇಲ್ಲದಂತಾಯಿತು. ಬಂದರ್‌ನಲ್ಲಿರುವ ಒಬ್ಬ ಮುದುಕಿಯನ್ನು ನೋಡಿ ಬರುತ್ತೇನೆ ಎಂದು ಅತ್ತೆಯ ಹತ್ತಿರ ಹೇಳುವುದು ಹೇಗೆ? ಸಂಜೆ ಆಚೆ ದಡದ ಬಾಂಗ್ ಗಾಳಿಗೆ ತೇಲಿ ಬಂದಾಗಲೆಲ್ಲ ಅವಳು ಕೊಡ ಕೆಳಗಿಟ್ಟು ನಿಲ್ಲುತ್ತಿದ್ದಳು.

ಆ ವರ್ಷ ಮಳೆ ಹೋಗಿ ಮರಳು ಒಣಗುತ್ತಿದ್ದಂತೆ, ನವೆಂಬರಿನಲ್ಲೇ, ಹೊಳೆಬದಿಯ ತುಂಡು ಜಾಗದಲ್ಲಿ ಹದಿನೈದು ಗುಂಡಿ ತೋಡಿ ಬೀಜ ಹಾಕಿದಳು. ಚಳಿಯಲ್ಲಿ ಬಚ್ಚಂಗಾಯಿ ಯಾರಿಗೆ ಬೇಕು ಎಂದು ಅತ್ತೆ ನಕ್ಕರು. ಉಪವಾಸದ ಸಮಯದಲ್ಲಿ ಬೇರೆಲ್ಲೂ ಸಿಗದ ಹಣ್ಣಿಗೆ ಬೆಲೆ ಹೆಚ್ಚು ಎಂದಳು ಮುದ್ದು. ಮಾಯಿಲಪ್ಪ ನರಿ ಬಾರದಂತೆ ಸುತ್ತ ಮುಳ್ಳಿನ ಬೇಲಿ ಕಟ್ಟಿಕೊಟ್ಟ.

ಅರವತ್ತೊಂದರ ಮಾರ್ಚಿನಲ್ಲಿ, ಅರ್ಧ ರಂಜಾನ್ ಕಳೆದಾಗ, ಏಳು ಹಣ್ಣು ಸಿಕ್ಕಿತು. ಒಂದೊಂದೂ ತೆಂಗಿನಕಾಯಿಯಷ್ಟು. ಮುದ್ದು ಅವನ್ನು ಮಾರಲು ಕೂರಲೇ ಇಲ್ಲ. ದೋಣಿ ಇಳಿದವಳು ನೇರ ಗೋದಾಮಿನ ಹಿಂದಕ್ಕೆ ನಡೆದಳು.

ಬೀಫಾತಿಮ್ಮನ ಕಣ್ಣು ಮಂಜಾಗಿತ್ತು. ದನಿಯಿಂದ ಗುರುತು ಹಿಡಿದು ಅವಳ ಮುಖವನ್ನು ಎರಡೂ ಕೈಯಲ್ಲಿ ತಡವಿದರು. ಕಳೆದ ವರ್ಷವಿಡೀ ಇದಿನಬ್ಬನ ಹತ್ತಿರ ವಿಚಾರಿಸಿದ್ದರಂತೆ. ಹಣ್ಣಿಲ್ಲ, ಹಾಗಾಗಿ ಬರುವುದಿಲ್ಲ ಎಂದಿದ್ದನಂತೆ ಅವನು.

ಬಾಂಗ್ ಆದ ಮೇಲೆ ಕೊಯ್ದರು. ಒಳಗೆ ಕೆಂಪೇ ಇಲ್ಲ, ಉಗುರಿನ ಬಣ್ಣ. ಸಿಹಿಯೂ ಅಷ್ಟಕ್ಕಷ್ಟೆ. ಇಬ್ಬರೂ ಸಕ್ಕರೆ ಹಾಕಿಕೊಂಡು ತಿಂದರು. ಬೀಫಾತಿಮ್ಮ ಬೆರಳು ಮಡಚಿ ಏನೋ ಎಣಿಸಿದರು.

“ರಂಜಾನ್ ತಿರುಗಿ ಬೇಸಗೆಗೆ ಬರ್ಲಿಕ್ಕೆ ಇನ್ನು ಇಪ್ಪತ್ತೈದು ವರ್ಷ ಉಂಟು. ಅಷ್ಟರವರೆಗೆ ನಾನು ಎಲ್ಲಿ? ನೀನು ಬರಿಗೈಯಲ್ಲಿ ಬಾ ಮಗಾ.”

“ಬರಿಗೈಯಲ್ಲಿ ನನ್ನನ್ನು ಯಾರು ಬಿಡ್ತಾರೆ, ಉಮ್ಮ?”

ಬೀಫಾತಿಮ್ಮ ಅವಳ ಹೋಳಿಗೆ ಇನ್ನಷ್ಟು ಸಕ್ಕರೆ ಉದುರಿಸಿದರು. ಕಾರಣವಿಲ್ಲದೆ ಹೊಸಿಲು ದಾಟಿ ಅವರಿಗೂ ಗೊತ್ತಿರಲಿಲ್ಲ.

ಮರುವರ್ಷ ರಂಜಾನ್ ಫೆಬ್ರವರಿಯ ಮೊದಲ ವಾರಕ್ಕೇ ಬಂತು. ಆ ಕಾಲಕ್ಕೆ ಹೊಳೆಬದಿಯಲ್ಲಿ ಚೆನ್ನಾಗಿ ಬರುವುದು ಹರಿವೆ ಸೊಪ್ಪು. ಮುದ್ದು ಅದನ್ನೇ ಬೆಳೆದು ತಂದಳು. ಆದರೆ ಸೊಪ್ಪು ಬಿಸಿಲೇರುವ ಮೊದಲೇ ಮಾರಿಹೋಗಬೇಕು. ಬೆಳಗಿನ ಮೊದಲ ದೋಣಿಗೆ ಬಂದರೆ ಎಂಟಕ್ಕೆ ಬುಟ್ಟಿ ಖಾಲಿ, ಒಂಬತ್ತಕ್ಕೆ ವಾಪಸ್ ದೋಣಿ. ಸಂಜೆಯವರೆಗೆ ನಿಲ್ಲಲು ನೆಪವಿಲ್ಲ.

ಒಂದು ಕಟ್ಟು ಉಳಿಸಿಕೊಂಡು ಅವಳು ಗೋದಾಮಿನ ಹಿಂದೆ ಹೋದಳು. ಬೆಳಗಿನ ಜಾವದ ಊಟ ಮುಗಿಸಿ ಮನೆಯವರೆಲ್ಲ ಮಲಗಿದ್ದರು. ಬಾಗಿಲು ಹಾಕಿತ್ತು. ಒಳಗೆ ಯಾರೋ ಕೆಮ್ಮಿದರು. ಆ ಕೆಮ್ಮು ಯಾರದೆಂದು ಅವಳಿಗೆ ಗೊತ್ತು. ಬಾಗಿಲು ತಟ್ಟಲು ಎತ್ತಿದ ಕೈಯನ್ನು ಇಳಿಸಿ, ಹರಿವೆಯ ಕಟ್ಟಿಗೆ ನೀರು ಚಿಮುಕಿಸಿ ಜಗಲಿಯ ಮೇಲಿಟ್ಟಳು. ಇನ್ನೊಂದು ಸಲ ಕೆಮ್ಮು ಕೇಳುತ್ತದೇನೋ ಎಂದು ನಿಂತಳು. ದೋಣಿ ನಿಲ್ಲುವ ಕಡವಿನಿಂದ ಇದಿನಬ್ಬ ಕರೆಯುವುದು ಕೇಳಿಸಿತು. ಖಾಲಿ ಬುಟ್ಟಿ ತಲೆಗೇರಿಸಿಕೊಂಡು ದೋಣಿಯ ಕಡೆ ಬೇಗ ಬೇಗ ನಡೆದಳು.