ಕೈಗುಣ

ಗಂಡನ ಅಂಗಿಗೆ ಗುಂಡಿ ಹಾಕುವುದು ಹೊಸದಾಗಿ ಮದುವೆಯಾದಾಗ ಚೆಂದ. ಐವತ್ತು ದಾಟಿದ ಮೇಲೆ ದಿನಾ ಬೆಳಿಗ್ಗೆ ಅದನ್ನೇ ಮಾಡುತ್ತಿದ್ದರೆ ಅದೂ ಪಾತ್ರೆ ತೊಳೆದಂತೆ ಇನ್ನೊಂದು ಕೆಲಸ. ನಮ್ಮವರ ಬೆರಳುಗಳಲ್ಲಿ ಜೀವವಿರಲಿಲ್ಲ. ವರ್ಷಗಟ್ಟಲೆ ಮರದ ಮೇಲೆ ಜೋತಾಡುತ್ತ ಮೋಟಾರು ಗರಗಸ ಹಿಡಿದದ್ದಕ್ಕೆ ಸಿಕ್ಕ ಬಹುಮಾನ. ಚಳಿಯಲ್ಲಿ ತುದಿಗಳು ಬೆಳ್ಳಗಾಗುತ್ತಿದ್ದವು, ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ಈ ವಿಷಯ ನಮ್ಮಿಬ್ಬರಿಗೇ ಗೊತ್ತಿತ್ತು.

ನಮ್ಮದು ಊರಿನ ದೊಡ್ಡ ಮರಗಳ ಕೊಂಬೆ ಇಳಿಸುವ ಕೆಲಸ. ನಮ್ಮವರು ಹತ್ತುತ್ತಾರೆ. ಎಲ್ಲರೂ ಅವರನ್ನು ಮಂಗಣ್ಣ ಎಂದೇ ಕರೆಯುತ್ತಾರೆ, ಅವರಿಗೂ ಅದೇ ಹೆಮ್ಮೆ. ನಾನು ಕೆಳಗೆ ನಿಂತು ಕೊಂಬೆಯ ಹಗ್ಗ ಹಿಡಿಯುತ್ತೇನೆ. ನನ್ನ ತಮ್ಮ ಲಾರಿ ಓಡಿಸುತ್ತಾನೆ, ಬಿದ್ದದ್ದನ್ನು ತುಂಡು ಮಾಡುತ್ತಾನೆ, ಬೇಕಾದಾಗ ಸಣ್ಣ ಮರಗಳನ್ನು ಹತ್ತುತ್ತಾನೆ.

ಹತ್ತುವವರ ಜೀವವೆಲ್ಲ ಒಂದು ಗಂಟಿನಲ್ಲಿ. ದೊಡ್ಡ ಹಗ್ಗಕ್ಕೆ ಸಣ್ಣ ಹುರಿಯನ್ನು ಸುತ್ತು ಹಾಕಿ ಕಟ್ಟಬೇಕು. ಮೈಭಾರ ಬಿದ್ದರೆ ಅದು ಬಿಗಿದುಕೊಳ್ಳುತ್ತದೆ, ಕೈಯಿಂದ ಒತ್ತಿದರೆ ಜಾರಿ ಕೆಳಗಿಳಿಸುತ್ತದೆ. ಒಂದು ಸುತ್ತು ತಪ್ಪಿದರೆ ಹೆಣ. ಹೋದ ಚಳಿಗಾಲದಿಂದ ಆ ಗಂಟನ್ನು ಕಟ್ಟುತ್ತಿದ್ದವಳು ನಾನು. ತಮ್ಮ ಕೇಳಿದಾಗ ನಮ್ಮವರು, "ನಿಮ್ಮಕ್ಕನ ಕೈಗುಣ ಕಣೋ. ಅವಳು ಕಟ್ಟಿದ್ರೆ ಜಾರಲ್ಲ" ಅಂದರು. ಅವನು ನಂಬಿದ. ಕೈಗುಣವಂತೆ, ಕೈಗುಣ!

ನನಗೆ ಸಾಕಾಗಿತ್ತು. ಒಂದು ದಿನ 'ನಾನು ಕಟ್ಟಲ್ಲ' ಅಂದುಬಿಟ್ಟರೆ ಇವರು ನೆಲದ ಮೇಲೆ ಉಳಿಯುತ್ತಾರೆ ಎಂದು ದಿನಾ ಯೋಚಿಸುತ್ತಿದ್ದೆ. ದಿನಾ ಅವರ ಮುಖ ನೋಡಿ ಕಟ್ಟುತ್ತಿದ್ದೆ.

ಅಷ್ಟರಲ್ಲಿ ತಮ್ಮ ಲಾಕು ತಂದ. ಅಂಗೈಯಗಲದ ಲೋಹದ ಸಾಮಾನು, ಒಳಗೆ ಹಗ್ಗ ಕಚ್ಚುವ ಹಲ್ಲು, ಪಕ್ಕದಲ್ಲೊಂದು ಹಿಡಿ. ಹಿಡಿ ಒತ್ತಿದರೆ ಇಳಿಯಬಹುದು, ಬಿಟ್ಟರೆ ನಿಲ್ಲುತ್ತದೆ.

"ಗಂಟಿನ ತಲೆನೋವೇ ಇಲ್ಲ ಭಾವ. ಹಗ್ಗ ಒಳಗಿಟ್ಟು ಮುಚ್ಚಿದ್ರೆ ಆಯ್ತು" ಎಂದ, ಅಡುಗೆಮನೆಯ ಮೇಜಿನ ಮೇಲಿಟ್ಟು.

ಗಂಟೇ ಬೇಡ ಎಂದಾದರೆ ಇವರು ಇನ್ನೂ ಹತ್ತು ವರ್ಷ ಹತ್ತುತ್ತಾರೆ.

"ಲೋಹದ್ದು ಯಾವತ್ತು ಕೈ ಕೊಡುತ್ತೋ ಯಾರಿಗೆ ಗೊತ್ತು" ಅಂದೆ. "ಗಂಟಾದ್ರೆ ಕಣ್ಣಿಗೆ ಕಾಣುತ್ತೆ."

"ಅಕ್ಕ, ಗಂಟೂ ಸವೆಯುತ್ತಲ್ಲ?"

"ನಿನಗೇನು ಗೊತ್ತು, ಸುಮ್ಮನಿರು."

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ನಮ್ಮವರು ಲಾಕನ್ನು ತಿರುಗಿಸಿ ನೋಡಿ ನಕ್ಕರು. "ಕಟ್ಕೊಂಡೋಳು ಕೊನೇ ತನಕ, ಇಟ್ಕೊಂಡೋಳು ಇರೋ ತನಕ ಅಂತಾರೆ. ಇರೋ ತನಕ ಇದನ್ನೇ ಇಟ್ಕೊಳ್ಳೋಣ ಬಿಡು."

ಮಾರನೆಯ ದಿನ ಬಟ್ಟೆ ಒಗೆಯುವ ಅಂಗಡಿಯ ಹಿಂದಿನ ಮರ. ಅರ್ಧ ಕೊಂಬೆಗಳು ಅಂಗಡಿಯ ತಗಡಿನ ಸೂರಿನ ಮೇಲೆ ಬಾಗಿ ಮಲಗಿದ್ದವು. ನಮ್ಮವರು ಲಾಕು ಹಾಕಿಕೊಂಡು ಸರಸರನೆ ಹತ್ತಿದರು. ನಿಜ ಹೇಳಬೇಕೆಂದರೆ ಲಾಕು ಚೆನ್ನಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಒಂದು ಕಡೆ ಖಾಲಿಯಾಯಿತು.

ಆಮೇಲೆ ಒಂದು ದಪ್ಪ ಕೊಂಬೆ ಎಣಿಸಿದ್ದಕ್ಕಿಂತ ಮುಂಚೆಯೇ ಮುರಿದು, ತೂಗಿ ಬಂದು ಅವರ ಭುಜಕ್ಕೆ ಬಡಿಯಿತು. ಗರಗಸ ಸೊಂಟದ ಹುರಿಯಲ್ಲಿ ನೇತಾಡಿತು. ಗಾಬರಿಯಲ್ಲಿ ಅವರ ಕೈ ಲಾಕಿನ ಹಿಡಿಯನ್ನು ಅಮುಕಿ ಹಿಡಿಯಿತು. ಒತ್ತುತ್ತಿದ್ದೇನೆ ಎಂಬುದೇ ಆ ಬೆರಳುಗಳಿಗೆ ತಿಳಿಯಲಿಲ್ಲ. ಲಾಕು ಹೇಳಿದಂತೆ ಕೇಳಿತು. ಅವರು ಹಗ್ಗದುದ್ದಕ್ಕೂ ಕಲ್ಲಿನಂತೆ ಜಾರತೊಡಗಿದರು.

"ಕೈ ಬಿಡ್ರೀ! ಕೈ ಬಿಡಿ!" ಎಂದು ಅರಚಿದೆ. ಗಂಡನಿಗೆ ಕೈ ಬಿಡಿ ಎಂದು ಗೋಗರೆದ ಹೆಂಡತಿ ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಬಿಟ್ಟರು. ಹಗ್ಗ ಜಗ್ಗಿ ನಿಂತಿತು. ಅವರ ಕಾಲು ತಗಡಿಗೆ ತಾಗುವಷ್ಟರಲ್ಲಿತ್ತು.

ಕೆಳಗಿಳಿದು ಬೇರಿನ ಮೇಲೆ ಕೂತು ನೀರು ಕುಡಿದರು. ಭುಜ ಊದಿತ್ತು, ಮೂಳೆ ಮುರಿದಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ನೀನು ಹೇಳಿದ್ದೇ ಸರಿ ಕಣೇ. ಈ ಲಾಕು ನನಗಾಗಲ್ಲ. ಗಂಟೇ ಕಟ್ಬಿಡು, ಉಳಿದಿದ್ದು ಮುಗಿಸ್ತೀನಿ" ಎಂದರು.

ನನ್ನ ವಾದ ಗೆದ್ದಿತ್ತು. ಗೆದ್ದು ನಾನು ಹಾಳಾಗಿದ್ದೆ.

"ನಾನು ಕಟ್ಟಲ್ಲ" ಅಂದೆ.

"ಭಾವನೇ ಕಟ್ಕೋತಾರೆ ಬಿಡಕ್ಕ, ಅದೇನ್ ಮಹಾ" ಎಂದ ತಮ್ಮ.

ಗಂಟಿನ ಹುರಿಯನ್ನು ನಮ್ಮವರ ತೊಡೆಯ ಮೇಲೆ ಹಾಕಿದೆ. "ಕಟ್ಟಿ ನೋಡೋಣ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಆ ನೋಟ ನಾನು ಸಾಯುವ ತನಕ ಮರೆಯಲಾರೆ. ಆದರೂ ಹುರಿ ಎತ್ತಿಕೊಂಡರು. ಹಗ್ಗಕ್ಕೆ ಒಂದು ಸುತ್ತು ಹಾಕಿದರು, ಜಾರಿತು. ಮತ್ತೆ ಹಾಕಿದರು, ತುದಿ ಬೆರಳ ಸಂದಿಯಿಂದ ಬಿತ್ತು, ಬಿದ್ದದ್ದು ಅವರಿಗೆ ತಿಳಿಯಲೇ ಇಲ್ಲ. ಖಾಲಿ ಬೆರಳುಗಳಿಂದಲೇ ಮುಂದಿನ ಸುತ್ತು ಹಾಕುತ್ತಿದ್ದರು. ತಮ್ಮ ಬಿದ್ದ ತುದಿಯನ್ನು ನೋಡಿದ, ಅವರ ಬೆರಳುಗಳನ್ನು ನೋಡಿದ.

"ಇವನೆದುರಿಗೆ ನನ್ನ ಮಾನ ತೆಗೆದ್ಯಲ್ಲೇ" ಎಂದರು ಮೆಲ್ಲಗೆ.

"ಹೂಂ, ತೆಗೆದೆ. ಮಾನ ಹೋದ್ರೆ ಹೋಗ್ಲಿ."

ಅತ್ತೆನೋ ಏನೋ. ಗೊತ್ತಿಲ್ಲ, ಮುಖದ ತುಂಬ ಮರದ ಪುಡಿಯಿತ್ತು.

ಅರ್ಧ ಕಡಿದ ಮರವನ್ನು ಹಾಗೇ ಬಿಟ್ಟು ಹೋಗುವಂತಿರಲಿಲ್ಲ, ಕೆಳಗೆ ಜನ ಕೆಲಸ ಮಾಡುತ್ತಿದ್ದರು. ತಮ್ಮ ಏನೂ ಕೇಳದೆ ಭಾವನ ಸೊಂಟಪಟ್ಟಿ ಬಿಚ್ಚಿ ತಾನು ಕಟ್ಟಿಕೊಂಡ. ಇಷ್ಟು ದೊಡ್ಡ ಮರ ಅವನಿಗೆ ಇದೇ ಮೊದಲು.

"ಅಕ್ಕ, ಗಂಟಾ? ಲಾಕಾ?"

"ಲಾಕೇ ಹಾಕ್ಕೋ. ನಿನ್ನ ಬೆರಳಿಗೆ ಅದರ ಹಿಡಿ ಗೊತ್ತಾಗುತ್ತೆ."

ಅವನು ಹತ್ತಿದ. ನಮ್ಮವರು ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತರು. ಕೊಂಬೆಯ ಹಗ್ಗದ ತುದಿಯನ್ನು ಚೆನ್ನಾಗಿದ್ದ ತೋಳಿಗೆ ಸುತ್ತಿಕೊಂಡು ಕತ್ತೆತ್ತಿದರು. ತಮ್ಮನ ಕಾಲು ಒಂದು ಕಡೆ ಜಾರಿ ಮತ್ತೆ ಊರಿತು. ನಮ್ಮವರ ಉಸಿರು ನಿಂತದ್ದು ನನಗೆ ಕೇಳಿಸಿತು.

"ಇಷ್ಟು ವರ್ಷ ಹೀಗೇ ನಿಂತಿದ್ಯೇನೇ?" ಎಂದರು.

"ಮಾತಾಡಬೇಡಿ" ಅಂದೆ. "ಮೇಲೆ ನೋಡಿ."