ಓದು ಕೇಳುವವಳು

“ಲೇ ಮರಿಯಮ್ಮಿ, ನನ್ ಕೊಬ್ರಿ ಮನೇನ ನಿಮ್ಮಪ್ಪನ ಇಸ್ಕೂಲ್ ಮಾಡ್ಕಂಡಿದೀಯೇನ್ಲೇ? ಆ ಪೀಚಲು ಮುಂಡೇದು ಕಾಗೆ ಅರಚ್ದಂಗೆ ಅರಚ್ತೈತೆ. ಎಬ್ಬುಸ್ ಆಚಿಕ್ಕೆ!”

ಮೂಡಲಗಿರಿಯಪ್ಪ ಬಾಗಿಲಿಗೆ ಅಡ್ಡ ನಿಂತು ಬೈಯುತ್ತಿದ್ದರೂ ಮರಿಯಮ್ಮನ ಕೈ ನಿಲ್ಲಲಿಲ್ಲ. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿ. ಮಚ್ಚಿನ ಹಿಂಬದಿಯಿಂದ ಸುತ್ತ ತಟ್ಟಿ ಚಿಪ್ಪು ಬಿಡಿಸಬೇಕು, ಒಳಗಿನ ಕೊಬ್ಬರಿ ಉಂಡೆಗೆ ಗೀರೂ ಬೀಳಬಾರದು. ಅವಳ ಪಕ್ಕ ಚಿಪ್ಪಿನ ರಾಶಿಗೆ ಒರಗಿ ಕೂತಿದ್ದ ಏಳು ವರ್ಷದ ಇಂಪನಾ ಪುಸ್ತಕ ಮುಚ್ಚಿ ಅವ್ವನ ಮುಖ ನೋಡಿದಳು.

“ನಿನ್ನೆ ಗಂಟ ಇಲ್ಲೇ ಓದ್ತಿದ್ಲು ಬುದ್ಧಿ. ನೀವೇನೂ ಅಂದಿರ್ಲಿಲ್ಲ.”

“ಎದುರ್ ಮಾತಾಡ್ತೀಯಾ ಬೋಸುಡಿ? ನಿನ್ನೆ ಬ್ಯಾರೆ, ಇವತ್ತು ಬ್ಯಾರೆ.”

ಇವತ್ತು ಯಾಕೆ ಬೇರೆ ಎಂದು ಅಲ್ಲಿ ಚಿಪ್ಪು ಒಡೆಯುತ್ತಿದ್ದ ಆರು ಹೆಂಗಸರಿಗೂ ಗೊತ್ತಿತ್ತು. ಯಾರೂ ತಲೆ ಎತ್ತಲಿಲ್ಲ.

ಕಡಬದ ಕೆರೆಯಾಚೆಗಿನ ಆ ಊರಲ್ಲಿ ಶಾಲೆಗೆ ಕಮಿಟಿ ಅಂತ ಆದ ವರ್ಷ ಅದು. ಅಧ್ಯಕ್ಷ ಯಾರು ಎಂದು ಯಾರೂ ಕೇಳುವಂತಿರಲಿಲ್ಲ, ಮೂಡಲಗಿರಿಯಪ್ಪನೇ. ಜೂನ್ ತಿಂಗಳಲ್ಲಿ ಅಪ್ಪ ಅಮ್ಮಂದಿರ ಸಭೆ ಕರೆದಿದ್ದರು. ಊರಾಚೆಗಿನ ಹಟ್ಟಿಯಿಂದ ಹೋದವಳು ಮರಿಯಮ್ಮ ಒಬ್ಬಳೇ. ಬೆಂಚು ಖಾಲಿ ಇದ್ದರೂ ಬಾಗಿಲ ಹೊರಗೆ ನಿಂತುಕೊಂಡಿದ್ದಳು. ಗಂಗಾಧರ ಮೇಷ್ಟ್ರು ಕಾಗದ ನೋಡಿಕೊಂಡು ಹೇಳಿದ್ದರು: ಮಗುವನ್ನು ದಿನಾ ಅರ್ಧ ಗಂಟೆ ಪಕ್ಕದಲ್ಲಿ ಕೂರಿಸಿಕೊಳ್ಳಿ, ಇವತ್ತು ಏನು ಕಲಿತೆ ಅಂತ ಕೇಳಿ, ಗಟ್ಟಿಯಾಗಿ ಓದಿಸಿ.

“ಓದಕ್ ಬರ್ದೆ ಇರೋರು ಏನ್ ಮಾಡಾದು ಸಾ?” ಎಂದು ಅವಳು ಹೊರಗಿನಿಂದಲೇ ಕೇಳಿದ್ದಳು. ಒಳಗಿದ್ದವರು ನಕ್ಕಿದ್ದರು. ಮೇಷ್ಟ್ರು ಮಾತ್ರ ನಗದೆ, “ಕೇಳಮ್ಮ ಸಾಕು. ಕೇಳೋರಿದ್ರೆ ಮಕ್ಳು ಓದ್ತವೆ” ಅಂದಿದ್ದರು.

ಅವತ್ತಿನಿಂದ ಅವಳು ಕೇಳತೊಡಗಿದಳು. ಗಂಡ ಚಿಕ್ಕಬೋರಯ್ಯ ಮೂಡಲಗಿರಿಯಪ್ಪನ ತೋಟದ ಮರದಿಂದಲೇ ಬಿದ್ದು ಸತ್ತು ಮೂರು ವರ್ಷವಾಗಿತ್ತು. ಗುಡಿಸಲಲ್ಲಿ ಇದ್ದದ್ದು ಇವರಿಬ್ಬರೇ. ಶಾಲೆ ಬಿಟ್ಟ ಮೇಲೆ ಮಗಳು ಸೀದಾ ಕೊಬ್ಬರಿ ಮನೆಗೆ ಬಂದು ಓದುವಳು, ಇವಳು ಚಿಪ್ಪು ಒಡೆಯುತ್ತಾ ಕಿವಿಗೊಡುವಳು. ಎರಡು ಸಲ ಕೇಳಿದರೆ ಪಾಠ ಪೂರ್ತಿ ಬಾಯಿಗೆ ಬರುತ್ತಿತ್ತು. ಆಮೇಲೆ ಮಗಳು ಒಂದು ಮಾತು ನುಂಗಿದರೂ, “ಅಲ್ಲೇನೋ ಬಿಟ್ಬುಟ್ಟೆ ಕಣವ್ವ, ಹಿಂದಕ್ಕೋಗು” ಅನ್ನುವಳು. ತಡವರಿಸಿದರೆ, “ಆ ಅಕ್ಸರ ಬರಲ್ವಾ? ಬೆಳಿಗ್ಗೆ ಮೇಷ್ಟ್ರನ್ ಕೇಳ್ಕಂಡ್ ಬಾ.” ಲೆಕ್ಕಕ್ಕೆ ಕೊಬ್ಬರಿ ಉಂಡೆಗಳೇ ಇದ್ದವು. ಕೂಡಿಸಿ, ಕಳೆದು, ಮತ್ತೆ ರಾಶಿಗೆ ಹಾಕುವುದು. ದೀಪಾವಳಿ ಹೊತ್ತಿಗೆ ಮಗು ನೀರು ಕುಡಿದಂತೆ ಓದುತ್ತಿತ್ತು.

ನಿನ್ನೆ ಗುಬ್ಬಿಯಿಂದ ಸಾಹೇಬರು ಶಾಲೆ ತನಿಖೆಗೆ ಜೀಪಿನಲ್ಲಿ ಬಂದಿದ್ದರು. ಅಧ್ಯಕ್ಷನೂ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಸಾಹೇಬರು ಎರಡನೇ ಕ್ಲಾಸಿನ ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದು, ಇಸ್ತ್ರಿ ಬಟ್ಟೆ ಹಾಕಿದ್ದ ಹುಡುಗನನ್ನು ಎಬ್ಬಿಸಿದರು. ಅವನು ರವೀಶ, ಮೂಡಲಗಿರಿಯಪ್ಪನ ಮೊಮ್ಮಗ. ಬೋರ್ಡು ನೋಡಿದ, ತಾತನನ್ನು ನೋಡಿದ, ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಂಡ. ಆಮೇಲೆ ಇಂಪನಾ ಎದ್ದು ನಾಲ್ಕು ಸಾಲನ್ನೂ ಓದಿದಳು.

“ಮನೇಲಿ ಯಾರಮ್ಮ ಹೇಳಿಕೊಡೋದು?”

“ನಮ್ಮವ್ವ.”

“ನಿಮ್ಮವ್ವ ಎಲ್ಲೀವರೆಗೂ ಓದಿದಾರೆ?”

“ಓದಕ್ಕೆ ಬರಲ್ಲ ಸಾ. ನಾನ್ ಓದ್ತೀನಿ, ನಮ್ಮವ್ವ ಕೇಳ್ತಾಳೆ.”

ಸಾಹೇಬರು ಕುರ್ಚಿಯತ್ತ ತಿರುಗಿ, “ನೋಡಿ ಅಧ್ಯಕ್ಷರೇ, ಕೂಲಿ ಹೆಂಗಸು ಮಾಡ್ತಿರೋದನ್ನ ನಿಮ್ಮನೇಲಿ ಮಾಡಕ್ಕಾಗಲ್ವಾ?” ಅಂದು ಜೀಪು ಹತ್ತಿ ಹೋದರು. ಅವರಿಗೇನು, ಹೋದರು.

ಕೊಬ್ಬರಿ ಮನೆಯಿಂದ ಎಬ್ಬಿಸಿದ ಮೇಲೆ ಓದು ಗುಡಿಸಲಲ್ಲೇ ನಡೆಯಿತು. ಒಂದು ವಾರ ಕಳೆದಿರಬಹುದು. ಮಗಳಿಗೆ ತುತ್ತು ಕೊಡುವಾಗ ಮರಿಯಮ್ಮನ ಮೂಗಿಗೆ ಫಿನಾಯಿಲ್ ವಾಸನೆ ಬಡಿಯಿತು. ಪುಟ್ಟ ಬೆರಳುಗಳ ಸಂದಿ ಬಿಳಿಚಿ ಸುಲಿದಿತ್ತು.

“ಏನೇ ಇದು?”

“ಊಟದ್ ಬೆಲ್ಲಾದ್ಮೇಕೆ ಓದೋ ಪಿರಿಯಡ್ಡು. ಆಗ ನನ್ನ ಕಕ್ಕಸ್ ತೊಳಿಯಕ್ ಕಳುಸ್ತಾರೆ.”

“ಇನ್ಯಾರ್ ಬತ್ತಾರೆ ಜೊತೆಗೆ?”

“ಯಾರೂ ಇಲ್ಲ. ನಾನೊಬ್ಳೇಯ.”

ಮರುದಿನ ಮರಿಯಮ್ಮ ಶಾಲೆಯ ಗೇಟಿನ ಹತ್ತಿರ ಮೇಷ್ಟ್ರನ್ನು ಅಡ್ಡಗಟ್ಟಿದಳು.

“ನೀವ್ ಹೇಳ್ದಂಗೇ ಮಾಡ್ದೆ ಅಲ್ವಾ ಸಾ ನಾನು? ಕೇಳು ಅಂದ್ರಿ, ಕೇಳ್ದೆ. ನನ್ ಕೂಸಿನ್ ಕೈಲಿ ಊರೋರ ಹೇಲ್ ತೊಳಸ್ತೀರಾ?”

ಗಂಗಾಧರ ಮೇಷ್ಟ್ರು ಆ ಕಡೆ ಈ ಕಡೆ ನೋಡಿದರು. “ನಾನಲ್ಲ ಕಣಮ್ಮ. ಅಧ್ಯಕ್ಷರು ಎಲ್ರ ಮುಂದೆ ಹೇಳೋದ್ರು. ನಂಗೂ ಇಬ್ರು ಹೆಣ್ಮಕ್ಳು. ನನ್ನ ಎಲ್ಲಾದ್ರೂ ದೂರಕ್ಕೆ ವರ್ಗ ಮಾಡ್ಸಿದ್ರೆ ಏನ್ ಮಾಡ್ಲಿ? ಒಂದ್ ಕೆಲ್ಸ ಮಾಡು. ಸ್ವಲ್ಪ ದಿನ, ಯಾರ್ ಕೇಳಿದ್ರೂ ಓದಕ್ ಬರಲ್ಲ ಅನ್ನಕ್ ಹೇಳು ನಿನ್ ಮಗಳಿಗೆ. ಅವ್ರ ಸಿಟ್ಟು ತಣ್ಣಗಾಗುತ್ತೆ.”

“ಥೂ” ಎಂದಳು ಮರಿಯಮ್ಮ. “ಕಲ್ಸೋ ಬಾಯಲ್ಲಿ ಇದಾ ಬರಾದು?”

ಮೇಷ್ಟ್ರು ತಲೆ ತಗ್ಗಿಸಿ ಒಳಗೆ ಹೋದರು.

ಅವತ್ತೆಲ್ಲ ಅವಳ ಮಚ್ಚು ನೆಟ್ಟಗೆ ಬೀಳಲಿಲ್ಲ. ಮಾರನೇ ದಿನ ಕೊಬ್ಬರಿ ಮನೆಯಲ್ಲಿ ಊಟಕ್ಕೆ ಬಿಟ್ಟಾಗ ಮುದ್ದೆ ಬಿಚ್ಚಲಿಲ್ಲ. ಪೊರಕೆ ಹಿಡಿದು ಶಾಲೆಗೆ ಬಂದಳು. ಬಕೆಟ್ಟಿನ ಭಾರಕ್ಕೆ ಒಂದು ಮಗ್ಗುಲಿಗೆ ವಾಲಿಕೊಂಡು ಇಂಪನಾ ಬರುತ್ತಿದ್ದಳು. ಬಕೆಟ್ಟು ಕಿತ್ತುಕೊಂಡು, “ಹೋಗು, ಕ್ಲಾಸಲ್ ಕುಂತ್ಕ. ಇದ್ನ ನಾನ್ ತೊಳಿತೀನಿ, ನೀನ್ ಓದು” ಅಂದಳು. ಮಗು ಅನುಮಾನಿಸಿತು. “ಹೋಗೇ ಅಂದ್ರೆ!”

ಸುದ್ದಿ ಮೂಡಲಗಿರಿಯಪ್ಪನಿಗೆ ಮುಟ್ಟಿತು. ಮೂರನೇ ದಿನ ಅವನೇ ಬಂದು ಕಕ್ಕಸಿನ ಗೋಡೆಯ ಪಕ್ಕ ನಿಂತು, ಹಲ್ಲು ಕಡ್ಡಿ ಆಡಿಸುತ್ತಾ ನೋಡಿದ. ಬೈಯಲಿಲ್ಲ.

“ಅದ್ ಸರಿ ಬುಡು. ಮಕ್ಳು ತಾಯಿನ್ ನೋಡೇ ಕಲಿಯಾದು” ಎಂದು ನಕ್ಕು ಹೋದ.

ಆ ನಗುವಿಗೆ ಅವಳ ಮೈ ಉರಿದರೂ ಪೊರಕೆ ಕೆಳಗಿಡಲಿಲ್ಲ. ಮಗಳು ಒಳಗಿದ್ದಳಲ್ಲ, ಅಷ್ಟು ಸಾಕಾಗಿತ್ತು. ಸಂಜೆ ಮಗಳ ದನಿ ದಿನದಿಂದ ದಿನಕ್ಕೆ ಸಣ್ಣಗಾಗುತ್ತಿದ್ದುದು ಅವಳಿಗೆ ತಿಳಿಯುತ್ತಿತ್ತು. “ಗಟ್ಟಿಯಾಗೋದು” ಅಂದರೆ, “ಗಂಟ್ಲು ನೋಯ್ತೈತೆ” ಅನ್ನುತ್ತಿತ್ತು ಮಗು. ಒಂದು ಸಂಜೆ ಪುಸ್ತಕ ನೋಡುತ್ತಲೇ ಹೇಳಿತು: “ಅವ್ವ, ನೀನ್ ಇಸ್ಕೂಲ್‌ತಕೆ ಬರ್ಬ್ಯಾಡ. ಎಲ್ಲಾರೂ ನನ್ನ ಕಕ್ಕಸ್ಸಮ್ಮನ ಮಗಳು ಅಂತಾರೆ. ರವೀಶ ಮೂಗ್ ಮುಚ್ಕತಾನೆ.”

“ಅವ್ರ್ ಬಾಯ್ಗೆ ಮಣ್ಣಾಕ. ನಾನ್ ಬರ್ದಿದ್ರೆ ಬಕೀಟು ನಿನ್ ಕೈಗೇ ಬತ್ತದೆ ಕಣವ್ವ. ಓದು ನೀನು.”

ಆವತ್ತು ಓದಿದ್ದು ಕೆರೆಯ ಪಾಠ. ಎರಡು ಸಲ ಓದಿಸಿದಳು.

ಮರುದಿನ ಮಧ್ಯಾಹ್ನ ಕಕ್ಕಸಿನ ನೆಲ ಉಜ್ಜುತ್ತಿದ್ದವಳಿಗೆ ಎರಡನೇ ಕ್ಲಾಸಿನ ಕಿಟಕಿಯಿಂದ ಮೇಷ್ಟ್ರ ದನಿ ಕೇಳಿಸಿತು.

“ಇಂಪನಾ, ಎದ್ದೇಳು. ಕೆರೆ ಪಾಠ ಓದು.”

ಮರಿಯಮ್ಮನ ಕೈ ನಿಂತಿತು.

“ಓದಮ್ಮ.”

“ಬರಲ್ಲ ಸಾ.”

“ಮೊದಲ್ನೇ ಸಾಲಾದ್ರೂ ಓದು.”

“ನಂಗೆ ಓದಕ್ ಬರಲ್ಲ ಸಾ.”

ಯಾರೋ ಕಿಸಕ್ಕೆಂದರು. ಮೇಷ್ಟ್ರು ಒತ್ತಾಯಿಸಲಿಲ್ಲ. “ಸರಿ, ಕೂತ್ಕೊ” ಅಂದರು, ನಿರಾಳವಾದವರಂತೆ.

ಮರಿಯಮ್ಮ ನೀರು ಸೋರುವ ಪೊರಕೆ ಹಿಡಿದೇ ಬಂದು ಕಿಟಕಿಯ ಸರಳು ಹಿಡಿದುಕೊಂಡಳು. ಮೂವತ್ತು ಮುಖ ಇತ್ತ ತಿರುಗಿದವು.

“ಕೆರೆ ತುಂಬಿತು!” ಅವಳ ಗಂಟಲು ಹರಿಯುವಂತಿತ್ತು. “ಕೊಕ್ಕರೆ ಬಂದು ದಡದಲ್ಲಿ ನಿಂತಿತು! ಮೀನು ಆಳಕ್ಕೆ ಹೋಯಿತು! ಹೇಳವ್ವ, ಮುಂದಕ್ಕೇಳು, ನಿಂಗ್ ಬತ್ತದೆ, ನಿನ್ನೆ ಓದ್ದ್ಯಲ್ಲ! ಕೊಕ್ಕರೆ ಕಾಯುತ್ತಲೇ ಇತ್ತು! ಓದೇ!”

ರವೀಶ ಮೂಗು ಮುಚ್ಚಿಕೊಂಡ. ಅವನನ್ನು ನೋಡಿ ಪಕ್ಕದವನು, ಅವನನ್ನು ನೋಡಿ ಇನ್ನೊಬ್ಬಳು. ಮೇಷ್ಟ್ರು ಸೀಮೆಸುಣ್ಣ ಹಿಡಿದು ಬೋರ್ಡಿನ ಕಡೆ ತಿರುಗಿ ನಿಂತರು; ಏನೂ ಬರೆಯಲಿಲ್ಲ. ಮರಿಯಮ್ಮ ಪಾಠವನ್ನು ಮತ್ತೆ ಮೊದಲಿನಿಂದ ಹಿಡಿದಳು.

ಕೊನೆಯ ಸಾಲಿನಲ್ಲಿ ಒಬ್ಬಳೇ ಕೂತಿದ್ದ ಇಂಪನಾ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.