ಒಂದು ಬೆಳಗಿನ ರೋಗಿಗಳು

ಇಸ್ತ್ರಿ ಪೆಟ್ಟಿಗೆ ಕಾಯುವ ಹೊತ್ತಿಗೇ ಗಂಡನ ಮಗ್ಗುಲು ಬದಲಿಸಬೇಕು. ಬದಲಿಸಿ ಬರುವಷ್ಟರಲ್ಲಿ ಯಾರದೋ ಅಂಗಿ ಸುಟ್ಟಿರುತ್ತದೆ. ಅವರ ಬೈಗುಳ ತಿಂದು ಮತ್ತೆ ಒಳಗೆ ಓಡಬೇಕು. ಇಸ್ತ್ರಿಯವಳ ಸಂಸಾರ ಹೀಗೆ ಸಾಗಿತ್ತು. ಗಂಡ ಗಾರೆ ಕೆಲಸದವನು. ಕಟ್ಟಡಕ್ಕೆ ಕಟ್ಟಿದ ಸಾರುವೆಯಿಂದ ಬಿದ್ದ ಮೇಲೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಬೆನ್ನ ತುಂಬ ಹುಣ್ಣು. ದಿನಾ ತೊಳೆದು ನೋಡಿಕೊಳ್ಳುವವರಿಲ್ಲದಿದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ರಸ್ತೆಯಾಚೆಯೇ ಬಡ ರೋಗಿಗಳ ಆಶ್ರಮ. ದಾನಿಗಳ ದುಡ್ಡಿನಲ್ಲಿ ಎದ್ದ ಕಟ್ಟಡ, ಗೋಡೆ ತುಂಬ ಅವರದೇ ಹೆಸರು. ಅವಳು ಹೋಗಿ ಕೇಳಿದಾಗಲೆಲ್ಲ ಮ್ಯಾನೇಜರನದು ಒಂದೇ ಮಾತು: "ಹಾಸಿಗೆ ಖಾಲಿ ಇಲ್ಲಮ್ಮ."

ಒಂದು ಸಂಜೆ ಆ ಮ್ಯಾನೇಜರನೇ ಅವಳ ಬಾಗಿಲಿಗೆ ಬಂದ.

"ನಾಳೆ ಸರ್ಕಾರದೋರು ತಪಾಸಣೆಗೆ ಬರ್ತಾರೆ. ನೀನು ಬಂದು ಸ್ವಲ್ಪ ಹೊತ್ತು ಮಲ್ಕೋಬೇಕು."

"ನಾನ್ಯಾಕೆ ಸ್ವಾಮಿ? ಇವ್ರನ್ನೇ ಮಲಗಿಸ್ಕೊಳ್ಳಿ."

"ನಿಜವಾದ ರೋಗಿ ತಪಾಸಣೆ ಮುಗೀತು ಅಂತ ಎದ್ದು ಹೋಗ್ತಾನೇನಮ್ಮ?" ಎಂದು ನಕ್ಕ. ಆಮೇಲೆ ದನಿ ತಗ್ಗಿಸಿದ. "ಇದೊಂದು ಮಾಡ್ಕೊಡು. ನಿನ್ನ ಗಂಡನ್ನ ನಾಳೇನೇ ಸೇರಿಸ್ಕೋತೀನಿ. ಒಂದು ನೆನಪಿರಲಿ, ಹಿಂದೆ ಮುಂದೆ ಯಾರೂ ಇಲ್ಲ ಅನ್ನು. ಇದ್ದಾರೆ ಅಂದ್ರೆ ವಿಚಾರಿಸೋಕೆ ಮನೆಗೇ ಹೋಗ್ತಾರೆ."

ಬೆಳಗ್ಗೆ ಅವಳು ಹೋದಾಗ ಉದ್ದನೆಯ ಕೋಣೆಯ ತುಂಬ ಬೀದಿಯವರೇ ಮಲಗಿದ್ದರು. ಮಂಡಿಯ ಹಮಾಲಿಯ ಕಾಲಿಗೆ ಬಿಳಿ ಪಟ್ಟಿ. "ನನ್ನ ಕಾಲು ಮುರಿದಿದೆಯಂತೆ ಅಕ್ಕ, ನಂಗೇ ಈಗ ಗೊತ್ತಾಯ್ತು" ಎಂದ. ಪಕ್ಕದಲ್ಲಿ ಪಾತ್ರೆ ತಿಕ್ಕುವ ಮುದುಕಿ ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಕಿಸಕ್ಕೆಂದಳು. ಇಸ್ತ್ರಿಯವಳಿಗೆ ನಗು ಬರಲಿಲ್ಲ. ಹಾಸಿಗೆಯ ಪ್ಲಾಸ್ಟಿಕ್ ಹೊದಿಕೆ ಕೂಡ ಇನ್ನೂ ಬಿಚ್ಚಿರಲಿಲ್ಲ. ಮೈ ಅಲುಗಿದರೆ ಪರಪರ ಸದ್ದು. ಕಿಟಕಿಯಲ್ಲಿ ಅವಳ ಮನೆಯ ಬಾಗಿಲು ಕಾಣುತ್ತಿತ್ತು. ಬೆನ್ನು ಹುಣ್ಣಾದವನನ್ನು ಚಾಪೆಯ ಮೇಲೆ ಬಿಟ್ಟು ಗಟ್ಟಿಮುಟ್ಟಾದ ತಾನು ಮೆತ್ತೆಯ ಮೇಲೆ ಮಲಗಿದ್ದಕ್ಕೆ ಅವಳ ಮೈಯೆಲ್ಲ ಹಿಡಿಯಾಯಿತು.

ಅಧಿಕಾರಿ ಹೆಂಗಸು. ಒಳ್ಳೆಯವಳ ಹಾಗೆ ಕಂಡಳು. ಹಾಸಿಗೆಯ ಅಂಚಿನಲ್ಲಿ ಕೂತು ಕೇಳಿದಳು, "ಮನೆಯಲ್ಲಿ ಯಾರಿದ್ದಾರಮ್ಮ?"

"ಯಾರೂ ಇಲ್ಲ."

"ಗಂಡ?"

ಮ್ಯಾನೇಜರ ಅಧಿಕಾರಿಯ ಹಿಂದಿನಿಂದ ಅವಳತ್ತ ಕಣ್ಣು ಬಿಟ್ಟ.

"ತೀರ್ಕೊಂಡ್ರು" ಎಂದಳು. ಹೇಳಿದ ಬಾಯನ್ನು ಸೆರಗಿನಿಂದ ಮುಚ್ಚಿಕೊಂಡಳು. ದುಃಖವೆಂದುಕೊಂಡ ಅಧಿಕಾರಿ ಅವಳ ಭುಜ ತಟ್ಟಿ, ಬರೆದುಕೊಂಡು ಮುಂದೆ ಹೋದಳು.

ಅಧಿಕಾರಿ ಆಫೀಸು ಕೋಣೆಯಲ್ಲಿ ಟೀ ಕುಡಿಯುತ್ತಿದ್ದಾಗಲೇ ಮ್ಯಾನೇಜರ ಓಡಿ ಬಂದ. "ಏಳಿ ಏಳಿ, ಹಿಂದಿನ ಗೇಟಿಂದ ಹೊರಡಿ."

"ಸ್ವಾಮಿ, ನಮ್ಮೆಜಮಾನ್ರನ್ನ ಕರ್ಕೊಂಡು ಬರ್ಲಾ?"

"ಯಾವ ಯಜಮಾನ? ತೀರ್ಕೊಂಡ ಅಂತ ನೀನೇ ಹೇಳಿದ್ದೀಯ, ಅವರು ಬರ್ಕೊಂಡಾಗಿದೆ. ಈಗ ಅವನನ್ನ ಸೇರಿಸ್ಕೊಂಡ್ರೆ ನಾವು ಸರ್ಕಾರಕ್ಕೆ ಸುಳ್ಳು ಹೇಳಿದ ಹಾಗಾಗಲ್ವಾ?"

ನಾಚಿಕೆಯಿಂದ ಅವಳು ಅಲ್ಲೇ ಹಾಸಿಗೆಯ ಅಂಚಿಗೆ ಕೂತಳು. ಬದುಕಿರುವ ಗಂಡನನ್ನು ಒಂದು ಹಾಸಿಗೆಗೋಸ್ಕರ ಕೊಂದಿದ್ದಳು, ಹಾಸಿಗೆಯೂ ಇಲ್ಲ.

ಹಮಾಲಿ ಎದ್ದ. ಹಿಂದಿನ ಗೇಟಿಗೆ ಹೋಗದೆ ನೇರವಾಗಿ ಮುಂದಿನ ಗೇಟು ದಾಟಿದ. ಅವಳೂ ಹಿಂದೆ ಓಡಿದಳು. ಕಾಲಿಗೆ ಪಟ್ಟಿ ಸುತ್ತಿಕೊಂಡವನು ಅವಳ ಗಂಡನನ್ನು ಮಗುವಿನ ಹಾಗೆ ಎತ್ತಿಕೊಂಡು ರಸ್ತೆ ದಾಟಿ ಬರುವುದನ್ನು ಬೀದಿಯೇ ನಿಂತು ನೋಡಿತು. ಮ್ಯಾನೇಜರ ಅಡ್ಡ ಬಂದ. ಮುದುಕಿ ಹಣೆಯ ಒದ್ದೆ ಬಟ್ಟೆ ಕಿತ್ತು ಅವನ ಕೈಗಿಟ್ಟು, "ಪಕ್ಕಕ್ಕೆ ಸರಿಯಪ್ಪ" ಎಂದಳು. ಉಳಿದವರೂ ಹಾಸಿಗೆ ಬಿಟ್ಟು ಬಂದು ಮುದುಕಿಯ ಜೊತೆ ನಿಂತರು.

ಗಂಡನನ್ನು ಹಾಸಿಗೆಗೆ ಇಳಿಸುವಾಗ ಗದ್ದಲ ಕೇಳಿ ಅಧಿಕಾರಿ ಬಂದಳು. "ಯಾರಿದು?"

"ನನ್ನ ಗಂಡ ಮೇಡಂ" ಎಂದಳು ಇಸ್ತ್ರಿಯವಳು. "ಆಗಲೇ ನಿಮ್ಮೆದುರು ಸಾಯಿಸಿದೆನಲ್ಲ, ಅವರೇ."

ಗಂಡ ಅವಳ ಮುಖ ನೋಡಿದ. ಅವಳು ತಲೆ ಎತ್ತಲಾರದೆ ಅವನ ಕೈ ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ.

ಅಧಿಕಾರಿಯ ಮುಖ ಕೆಂಪಾಗಿತ್ತು. "ನಾವು ಆಶ್ರಮಕ್ಕೆ ಮೊದಲೇ ತಿಳಿಸಿ ಬರಬೇಕು ಅಂತ ನಿಯಮ ಇದೆ..." ಎಂದು ತಡವರಿಸಿದಳು.

"ತಿಳಿಸೇ ಬನ್ನಿ ತಾಯಿ" ಎಂದಳು ಮುದುಕಿ. "ಆದ್ರೆ ಇನ್ಮೇಲೆ ಈ ಮ್ಯಾನೇಜರನಿಗಲ್ಲ, ನಮಗೆ ತಿಳಿಸಿ ಬನ್ನಿ."